ಹೆಸರು ಬರೆಸಿದ ಟೊಪ್ಪಿಗೆ

"ಬುದ್ಧಿ, ಬೇಕು ಎನ್ನುವುದು ಯಾವಾಗ ಮುಗಿಯುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಪರಂಗಿ ಸೈನ್ಯಾಧಿಕಾರಿಗಳ ಹಳೆಯ ಟೊಪ್ಪಿಗೆಗಳನ್ನು ಕೂಡಿಡುವ ಹುಚ್ಚು. ಹಿತ್ತಾಳೆಯವು, ತುಪ್ಪಳದವು, ಗರಿ ಸಿಕ್ಕಿಸಿದವು, ಎಲ್ಲ ಅವನ ಮನೆಯಲ್ಲಿದ್ದವು. ಒಂದನ್ನೂ ತಲೆಗೆ ಇಟ್ಟವನಲ್ಲ. ಸುತ್ತುತ್ತಿದ್ದದ್ದು ಅಪ್ಪನ ಕಾಲದ ರುಮಾಲು. "ಇರುವುದು ಒಂದೇ ತಲೆ. ಅದಕ್ಕೂ ಇವು ಬೇಡ" ಎಂದು ಹೆಂಡತಿ ನಗುತ್ತಿದ್ದಳು. ಅವನೂ ನಗುತ್ತಿದ್ದ.

ನಗು ಬಾರದಿದ್ದದ್ದು ಅವುಗಳ ನಡುವೆ ಇದ್ದ ಒಂದು ತಗಡಿನ ಪೆಟ್ಟಿಗೆಯನ್ನು ಕಂಡಾಗ ಮಾತ್ರ. ಅದು ದೋಣಿಯ ಆಕಾರದ್ದು. ಆ ಅಧಿಕಾರಿಗಳು ದೋಣಿಯಂಥ ಉದ್ದ ಟೊಪ್ಪಿಗೆ ಹೊಲಿಸುವಾಗ ಅದರ ಅಳತೆಗೇ ಪೆಟ್ಟಿಗೆಯನ್ನೂ ಮಾಡಿಸಿ, ಎರಡರಲ್ಲೂ ತಮ್ಮ ಹೆಸರು ಬರೆಸುತ್ತಿದ್ದರು. ವರ್ತಕನಲ್ಲಿ ಹೆಸರಿನ ಸಮೇತ ಪೆಟ್ಟಿಗೆಯಿತ್ತು, ಟೊಪ್ಪಿಗೆ ಇರಲಿಲ್ಲ. ಊರೂರು ಹುಡುಕಿದ. ಉಣ್ಣಲು ಕೂತರೂ ಅದೇ ಚಿಂತೆ. ಇದ್ದ ಟೊಪ್ಪಿಗೆಗಳ ಕಡೆ ನೋಡುವುದನ್ನೇ ಬಿಟ್ಟ.

ಕೊನೆಗೆ ದೂರದ ಊರಿನ ವಕೀಲನೊಬ್ಬನಲ್ಲಿ ಅದೇ ಹೆಸರಿನ ಟೊಪ್ಪಿಗೆ ಇದೆಯೆಂದು ತಿಳಿಯಿತು. ವಕೀಲನದೂ ಇದೇ ಹುಚ್ಚು. ವರ್ತಕ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದ.

"ಬನ್ನಿ ಶೆಟ್ಟರೇ. ನನ್ನ ಟೋಪಿ ಒಯ್ಯಲು ಬಂದಿರೋ, ನನಗೇ ಟೋಪಿ ಹಾಕಲು ಬಂದಿರೋ?" ಎಂದ ವಕೀಲ.

"ಒಂದು ಸಲ ಇದರೊಳಗೆ ಇಟ್ಟು ನೋಡೋಣ ಸ್ವಾಮಿ. ಆಮೇಲೆ ಮಾತು."

"ಇಡೋಣ. ಕೊಡು ಅಂತ ಮಾತ್ರ ಕೇಳಬೇಡಿ. ನಿಮ್ಮ ಪೆಟ್ಟಿಗೆ ನನಗೆ ಕೊಡುತ್ತೀರಾ?"

"ಅದು ಹೇಗಾಗುತ್ತದೆ?"

"ಮತ್ತೆ?"

ಇಬ್ಬರೂ ಸೇರಿ ಟೊಪ್ಪಿಗೆಯನ್ನು ಪೆಟ್ಟಿಗೆಗೆ ಇಳಿಸಿದರು. ಅದು ಎಲ್ಲೂ ತಾಗದೆ, ಎಲ್ಲೂ ಅಲುಗದೆ ಕೂತಿತು. ಮುಚ್ಚಳ ಹಾಕಿ ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತ ಉಳಿದರು. ಕಾಫಿ ಬಂದು ಆರಿಹೋಯಿತು. ವರ್ತಕನಿಗೆ ತನ್ನೊಳಗೂ ಏನೋ ಇಳಿದು ತನ್ನ ಜಾಗ ಸೇರಿದಂತಾಯಿತು. ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಹುಡುಕಿದ. ಒಂದೂ ಸಿಗಲಿಲ್ಲ.

ಅವನೇ ಮುಚ್ಚಳ ತೆಗೆದ. ಟೊಪ್ಪಿಗೆಯನ್ನು ಎತ್ತಿ ವಕೀಲನ ಕೈಗಿತ್ತ. "ನಿಮ್ಮಲ್ಲೇ ಇರಲಿ. ಪೆಟ್ಟಿಗೆ ನೋಡಬೇಕೆನಿಸಿದರೆ ನಮ್ಮ ಮನೆಗೆ ಬನ್ನಿ" ಎಂದ.

ಖಾಲಿ ಪೆಟ್ಟಿಗೆ ಹೊತ್ತು ಊರಿಗೆ ಬಂದವನು ಹೊಟ್ಟೆ ತುಂಬ ಉಂಡು ಮಲಗಿದ. ಬೆಳಗ್ಗೆ ಎದ್ದು ಉಳಿದ ಟೊಪ್ಪಿಗೆಗಳ ಧೂಳು ಒರೆಸಿದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಬುದ್ಧಿ, ನ್ಯಾಯವಾಗಿ ಆ ಟೊಪ್ಪಿಗೆ ಯಾರದು? ವಕೀಲನದೋ, ವರ್ತಕನದೋ?"

ಗುರುಗಳು ಹೇಳಿದರು: "ಹೆಸರು ಬರೆಸಿದವನೇ ಬಿಟ್ಟು ಹೋಗಿದ್ದನಲ್ಲ, ಮಗು."