ಜಟ್ಟಪ್ಪ ಮಸ್ಕತ್ತಿನಿಂದ ಹೊರಟದ್ದು

ಕೇಳಿ. ನಗುವುದಿದ್ದರೆ ಆಮೇಲೆ ನಗಿ.

ಹೊನ್ನಾವರದ ಹೊಳೆದಂಡೆಯಲ್ಲಿ ಮಾದೇವಿ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಜಟ್ಟಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ. ಹಡಗಿನ ಕೆಲಸವನ್ನಾದರೂ ಕಲಿಯಲಿ ಎಂದು ತಮ್ಮ ಗೋಯ್ದನ ಜೊತೆ ಮಸ್ಕತ್ತಿಗೆ ಕಳಿಸಿದಳು.

ತಮ್ಮನಿಗೆ ಹೇಳಿದಳು, "ಪೆದ್ದನೋ ಜಾಣನೋ, ನನಗಿರೂದು ಇವನೊಬ್ಬ. ಮಳೆ ಹಿಡಿಯೂದರೊಳಗೆ ತಂದು ನನ್ನ ಅಂಗಳದಲ್ಲಿ ನಿಲ್ಲಿಸು."

ಮಗನಿಗೆ ಹೇಳಿದಳು, "ಪರರ ಮನೇಲಿ ಕೊಟ್ಟದ್ದನ್ನ ಬೇಡ ಅನ್ನಬೇಡ ಮಗಾ."

ಮಸ್ಕತ್ತಿನಲ್ಲಿ ಕಡೆಯ ದಿನ ಬಂತು. ಮಳೆಗಾಲಕ್ಕೆ ಮುಂಚಿನ ಕಡೆಯ ಹಡಗು ಸಂಜೆ ಬಿಡುವುದಿತ್ತು. ನಮ್ಮ ಕಡೆ ಮರ ಕೊಳ್ಳಲು ಬಂದು ಬಂದು ಕನ್ನಡ ಕಲಿತಿದ್ದ ಹಮೂದ್, ಮಾವ ಅಳಿಯ ಇಬ್ಬರನ್ನೂ ಮನೆಗೆ ಕರೆದ. ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟ. ಜಟ್ಟಪ್ಪ ಕುಡಿದ. ಮತ್ತೆ ಹೊಯ್ದ, ಮತ್ತೆ ಕುಡಿದ. ಹೂಜಿ ಬರಿದಾಯಿತು.

"ಹೊಟ್ಟೆಯೋ ಬಾವಿಯೋ?" ಗೋಯ್ದ ಮಾವ ಖಾಲಿ ಬಟ್ಟಲು ತೋರಿಸಿ ಬೈದ. "ಇಲ್ಲಿ ಸಾಕಾದರೆ ಅಲ್ಲಾಡಿಸಬೇಕು, ಆಗ ಬಿಡ್ತಾರೆ."

ಊಟವಾಯಿತು. ಇನ್ನು ಯಾವಾಗಲೋ ಎಂದು ಹಮೂದ್ ಜಟ್ಟಪ್ಪನನ್ನು ಅಪ್ಪಿಕೊಂಡ, ಬಿಡಲೊಲ್ಲ. ಜಟ್ಟಪ್ಪನಿಗೆ ಸಾಕಾಯಿತು. ಭುಜ ಹಿಡಿದು ಅಲ್ಲಾಡಿಸಿದ. ಹಮೂದನ ರುಮಾಲು ನೆಲಕ್ಕೆ ಬಿತ್ತು.

"ಥೂ! ಬೀಳ್ಕೊಡುವಾಗ ಏನೇ ಮಾಡಲಿ, ಮಿಸುಕದೆ ನಿಂತುಕೋ," ಅಂದ ಮಾವ.

ಆಮೇಲೆ ಧೂಪದ ಕೆಂಡ ತಂದು ಬಟ್ಟೆಗೆ ಹೊಗೆ ಹಿಡಿದರು. ಅತಿಥಿ ಹೊರಡುವಾಗ ಅದು ಅಲ್ಲಿಯ ಮರ್ಯಾದೆ. ಜಟ್ಟಪ್ಪನ ಪಂಚೆಯ ಅಂಚು ಹೊತ್ತಿತು. ಮಿಸುಕಲಿಲ್ಲ. ಮಾವನೇ ನೀರು ಎರಚಿದ.

"ಬಾಯಿಲ್ಲವೇನೋ ನಿನಗೆ? ಇದ್ದದ್ದನ್ನು ಇದ್ದ ಹಾಗೆ ಹೇಳಬಾರದೇ?"

ಬಾಗಿಲಲ್ಲಿ ಹಮೂದನ ಮುದಿತಾಯಿ ನಿಂತಿದ್ದಳು. ಅವಳ ಹಿರಿಮಗ ಹಡಗು ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. ಜಟ್ಟಪ್ಪ ಇದ್ದ ಹಾಗೆ ಹೇಳಿದ, "ಅಜ್ಜೀ, ನಾ ಹೋಗ್ತೆ. ಇನ್ನು ನೀ ನನ್ನ ನೋಡೂದಿಲ್ಲ."

ಹಮೂದ್ ಅದನ್ನು ತನ್ನ ಭಾಷೆಯಲ್ಲಿ ಹೇಳಲಾರದೆ ಹೇಳಿದ. ಮುದುಕಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಮಾವನಿಗೆ ಈ ಸಲ ಬೈಯಲೂ ಆಗಲಿಲ್ಲ. ಮೆಲ್ಲಗೆ ಹೇಳಿದ, "ಹೋಗ್ತೆ ಅನ್ನಬಾರದು ಮಗಾ. ಹೋಗಿ ಬರ್ತೆ ಅನ್ನು. ಹಿರಿಯರ ಎದುರು ಆಡಿದ ಮಾತು ಸುಳ್ಳಾಗಬಾರದು."

"ಹೋಗಿ ಬರ್ತೆ ಅಜ್ಜೀ," ಅಂದ ಜಟ್ಟಪ್ಪ.

ದಂಡೆಗೆ ಬಂದರು. ಹಡಗಿಗೆ ಹಾಕಿದ್ದ ಹಲಗೆ ಹತ್ತಿದರು. ಮಾವ ಹಾಯಿಯ ಹಗ್ಗಕ್ಕೆ ಹೋದ. ಜಟ್ಟಪ್ಪ ಸ್ವಲ್ಪ ಹೊತ್ತು ಕೂತ. ಹೋದದ್ದಾಯಿತು, ಇನ್ನು ಬರಬೇಕು ಅಂದುಕೊಂಡ. ಹಲಗೆ ಇಳಿದು ಬಂದ. ಎಲ್ಲರೂ ಹತ್ತಿದರೆಂದು ಹಡಗಿನವರು ಹಲಗೆ ಎಳೆದುಕೊಂಡರು.

ಮುದುಕಿ ಬಾಗಿಲಲ್ಲೇ ಇದ್ದಳು.

"ಬಂದೆ ಅಜ್ಜೀ."

ಅವಳಿಗೆ ಮಾತು ತಿಳಿಯಲಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ನಿಂತಳು.

ಹಮೂದ್ ದಂಡೆಗೆ ಓಡಿ ತಿರುಗಿ ಬಂದ. ಹಾಯಿ ದೂರ ಹೋಗಿತ್ತು.

"ಇನ್ನು ಮಳೆಗಾಲ ಮುಗಿಯುವ ತನಕ ಹಡಗಿಲ್ಲ ಮಾರಾಯ. ಅಲ್ಲಿ ನಿನ್ನ ತಾಯಿ ಕಾಯ್ತಾ ಇರ್ತಾಳಲ್ಲೋ."

ಜಟ್ಟಪ್ಪ ಯೋಚಿಸಿದ.

"ಕಾಯೂದಿಲ್ಲ," ಅಂದ. "ಅವಳಿಗೆ ನಾ ಹೋಗ್ತೆ ಅಂತ ಮಾತ್ರ ಹೇಳಿ ಬಂದದ್ದು."