ದಿಮ್ಮಿಯ ಕೆಳಗಿನ ಜಾಗ

ಹೊಳೆದಂಡೆಯ ಆ ಆಶ್ರಮಕ್ಕೆ ಬರುವ ಮೊದಲು ಚೆನ್ನಂಜ ಹನ್ನೊಂದು ವರ್ಷ ಲಾರಿ ರಿಪೇರಿ ಮಾಡಿಕೊಂಡಿದ್ದ. ಧ್ಯಾನಕ್ಕೆ ಕೂತರೆ ಅವನ ಮನಸ್ಸು ಊರೆಲ್ಲ ಸುತ್ತಿ ಬರುತ್ತಿತ್ತು. ಕೈಗೆ ಕಬ್ಬಿಣ ಸಿಕ್ಕರೆ ಮಾತ್ರ ಒಂದು ಕಡೆ ನಿಲ್ಲುತ್ತಿತ್ತು.

ಆ ವರ್ಷ ಬೀಸಿದ ಗಾಳಿಗೆ ಆಶ್ರಮದ ಮೂರು ಮತ್ತಿ ಮರಗಳು ಉರುಳಿದವು. ಅದೇ ವಾರ ಪಕ್ಕದ ಹಟ್ಟಿಯವರ ಹಳ್ಳದ ಕಾಲುಸೇತುವೆ ಕೊಚ್ಚಿಹೋಯಿತು. ಹಟ್ಟಿಯ ಹೆಂಗಸರು ಸೊಂಟದವರೆಗಿನ ನೀರಿನಲ್ಲಿ, ತಲೆಯ ಮೇಲೆ ಗಂಟು ಹೊತ್ತು ಹಳ್ಳ ದಾಟುತ್ತಿದ್ದರು.

"ಮರ ನಮ್ಮ ಕಡೆ ಬಿದ್ದಿದೆ, ಸೇತುವೆ ಅವರ ಕಡೆ ಬಿದ್ದಿದೆ. ದಿಮ್ಮಿ ಮಾಡಿಸಿ ಕಳಿಸೋಣ" ಎಂದರು ಗುರುಗಳು.

ಕೊಯ್ದಾಗ ಎಂಟು ದಿಮ್ಮಿಗಳಾದವು. ಒಂದೊಂದನ್ನು ಎತ್ತಲು ಆರು ಜನ ಬೇಕು. ಆಶ್ರಮದಲ್ಲಿದ್ದವರು ಐದು ಜನ, ಅವರಲ್ಲಿ ಇಬ್ಬರು ಮುದುಕರು.

"ಬುದ್ಧಿ, ನನಗೆ ಒಂಬತ್ತು ದಿನ ಕೊಡಿ" ಎಂದ ಚೆನ್ನಂಜ.

ಒಂಬತ್ತನೆಯ ದಿನ ಯಂತ್ರ ಸಿದ್ಧವಾಯಿತು. ಹಾಳಾದ ಕೊಳವೆಬಾವಿಯ ಪೈಪು ನೆಲಕ್ಕೆ ನೆಟ್ಟ ಕಂಬವಾಗಿತ್ತು. ಅದರ ತುದಿಯಲ್ಲಿ ಅತ್ತಿತ್ತ ತಿರುಗುವ ಒಂದು ಕಬ್ಬಿಣದ ತೋಳು, ತೋಳಿಗೆ ಹಳೆಯ ಬಾವಿಯ ರಾಟೆ. ಕೆಳಗೆ, ತುದಿಗೆ ಕೊಕ್ಕೆಯಿದ್ದ ಉಕ್ಕಿನ ಹಗ್ಗ ಸುತ್ತುವ ಉರುಳೆ, ಅದನ್ನು ತಿರುಗಿಸಲು ಒಂದು ಹಿಡಿ. ಒಬ್ಬನೇ ಹಿಡಿ ತಿರುಗಿಸಿದರೆ ದಿಮ್ಮಿ ಮೇಲೇಳುತ್ತಿತ್ತು.

ಚೆನ್ನಂಜ ಆ ದಿನ ಊಟಕ್ಕೂ ಹೋಗದೆ ಅದರ ಸುತ್ತಲೇ ಓಡಾಡಿಕೊಂಡಿದ್ದ.

ಮರುದಿನ ಬೆಳಿಗ್ಗೆ ಹಟ್ಟಿಯ ಕೆಂಪರಾಜು ತನ್ನ ಸಣ್ಣ ಲಾರಿ ತಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಯಂತ್ರವನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಸ್ವಾಮಿ, ದಿಮ್ಮಿಗೆ ಎರಡು ಕಡೆ ಹಗ್ಗ ಕಟ್ಟಿದರೆ ಒಳ್ಳೆಯದು. ನಡುವೆ ಒಂದೇ ಕಟ್ಟಿದರೆ ವಾಲುತ್ತದೆ."

"ವಾಲದ ಹಾಗೆ ಲೆಕ್ಕ ಹಾಕಿಯೇ ಕಟ್ಟಿದ್ದೇನೆ. ನೀನು ಕೆಳಗೆ ನಿಂತು ದಿಮ್ಮಿಯನ್ನು ಲಾರಿಯ ಕಡೆಗೆ ತಳ್ಳಿದರೆ ಸಾಕು. ಏನೂ ಆಗುವುದಿಲ್ಲ."

ಕೆಂಪರಾಜು ನಿಂತ.

ಮೊದಲ ದಿಮ್ಮಿ ಸಲೀಸಾಗಿ ಏರಿತು. ಚೆನ್ನಂಜ ಜಗಲಿಯ ಕಡೆ ನೋಡಿದ. ಗುರುಗಳು ಅಲ್ಲಿ ಕೂತು ಹುರುಳಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

ಎರಡನೆಯದು ಆಳೆತ್ತರಕ್ಕೆ ಏರಿದ ಮೇಲೆ ನಿಧಾನವಾಗಿ ಒಂದು ಕಡೆ ವಾಲಿತು. ಹಗ್ಗದ ಕುಣಿಕೆ ತೊಗಟೆಯನ್ನು ಕಿತ್ತುಕೊಂಡು ಜಾರಿತು. ಕೆಂಪರಾಜು ಪಕ್ಕಕ್ಕೆ ಹಾರಿದ. ದಿಮ್ಮಿ ಅವನ ಭುಜ ಸವರಿ ನೆಲಕ್ಕೆ ಬಿತ್ತು. ಅವನ ಒಂದು ಚಪ್ಪಲಿ ಅದರ ಕೆಳಗೆ ಉಳಿಯಿತು.

ಚೆನ್ನಂಜ ಓಡಿ ಬಂದು ಮೊದಲು ಕೊಕ್ಕೆಯನ್ನು ನೋಡಿದ. ಆಮೇಲೆ ರಾಟೆಯನ್ನು ನೋಡಿದ.

"ಯಂತ್ರಕ್ಕೆ ಏನೂ ಆಗಿಲ್ಲ" ಎಂದ. "ನೀನು ಜೋರಾಗಿ ತಳ್ಳಿಬಿಟ್ಟೆ."

ಕೆಂಪರಾಜು ಭುಜ ಒತ್ತಿ ಹಿಡಿದಿದ್ದ.

ಚೆನ್ನಂಜ ಕುಣಿಕೆಯನ್ನು ಬಿಗಿ ಮಾಡಿ ಅದೇ ದಿಮ್ಮಿಗೆ ಮತ್ತೆ ಕಟ್ಟಿದ. "ಈಗ ಸರಿಯಾಯಿತು. ಬಾ, ನಿಲ್ಲು."

ಕೆಂಪರಾಜು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಮತ್ತೆ ಅದೇ ಜಾಗಕ್ಕೆ ಹೊರಟ. ಸೇತುವೆ ಅವನ ಊರಿಗೆ ಬೇಕಾಗಿತ್ತು.

ಅಷ್ಟರಲ್ಲಿ ಗುರುಗಳು ಮೊರ ಕೆಳಗಿಟ್ಟು ಎದ್ದು ಬಂದರು.

"ಕೆಂಪರಾಜು, ಹೋಗಿ ಭುಜ ತೊಳೆದುಕೊಂಡು ಬಾ" ಎಂದರು. ಅವನು ಹೊಳೆಯ ಕಡೆ ಹೋದ ಮೇಲೆ ಅವನು ನಿಲ್ಲಬೇಕಾಗಿದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.

"ತಿರುಗಿಸು, ಚೆನ್ನಂಜ."

"ಬುದ್ಧಿ, ಅಲ್ಲಿಂದ ಏಳಿ."

"ಏಕೆ? ಸರಿಯಾಯಿತು ಎಂದೆಯಲ್ಲ."

"ಸರಿಯಾಗಿದೆ."

"ಹಾಗಾದರೆ ತಿರುಗಿಸು."

ಚೆನ್ನಂಜ ಹಿಡಿ ತಿರುಗಿಸಿದ. ದಿಮ್ಮಿ ಒಂದು ಗೇಣು ಎದ್ದಿತು. ಉಕ್ಕಿನ ಹಗ್ಗ ಕಿರ್ ಎಂದಿತು. ಬೆಳಗಿನಿಂದ ಹಾಗೇ ಕಿರುಗುಟ್ಟುತ್ತಿದ್ದರೂ ಅವನಿಗೆ ಅದು ಕೇಳಿಸಿದ್ದು ಆಗಲೇ. ನೆಟ್ಟ ಕಂಬ ಕೂದಲೆಳೆಯಷ್ಟು ಬಾಗುವುದು ಕಂಡಿತು. ಕುಣಿಕೆಯ ಅಡಿಯಲ್ಲಿ ಹಸಿ ತೊಗಟೆ ಬಿರಿಯುವುದೂ ಕಂಡಿತು.

ಅವನ ಕೈ ನಡುಗಿತು. ದಿಮ್ಮಿಯನ್ನು ಮೆಲ್ಲಗೆ ಇಳಿಸಿದ.

"ಏನೂ ಆಗುವುದಿಲ್ಲ ಬುದ್ಧಿ. ಆದರೂ ಏಳಿ."

"ಈ 'ಆದರೂ' ಕೆಂಪರಾಜುವಿಗೆ ಇರಲಿಲ್ಲವೆ?"

ಚೆನ್ನಂಜ ಹಿಡಿಯನ್ನು ಬಿಟ್ಟ. ಆಮೇಲೆ ಹೊಳೆಗೆ ಇಳಿದು ಹೋದ.

ಕೆಂಪರಾಜು ಕಲ್ಲಿನ ಮೇಲೆ ಕೂತು ಅಂಗಿ ಕಳಚಿದ್ದ. ಭುಜದ ಚರ್ಮ ಅಂಗೈಯಗಲ ಕಿತ್ತುಬಂದಿತ್ತು.

"ನೋಯುತ್ತಿದೆಯಾ?"

"ಪರವಾಗಿಲ್ಲ ಸ್ವಾಮಿ."

"ಅಲ್ಲಿ ನಿಲ್ಲುವಾಗ ಹೆದರಿಕೆಯಾಗಿತ್ತೆ?"

"ಆಗಿತ್ತು."

"ಹೇಳಬಹುದಿತ್ತಲ್ಲ."

"ಎರಡು ಹಗ್ಗ ಅಂತ ಹೇಳಿದೆನಲ್ಲ ಸ್ವಾಮಿ. ನಮ್ಮಂಥವರು ಹೆದರಿಕೆಯನ್ನು ಹೇಳುವುದು ಹಾಗೇ."

ಚೆನ್ನಂಜ ತನ್ನ ಹೆಗಲ ಮೇಲಿನ ವಸ್ತ್ರವನ್ನು ಹೊಳೆಯಲ್ಲಿ ಅದ್ದಿ ಹಿಂಡಿ, ಗಾಯದ ಸುತ್ತಲಿನ ಮಣ್ಣನ್ನು ಒರೆಸಿದ.

"ತಪ್ಪಾಯಿತು ಕೆಂಪರಾಜು. ಹೇಗೆ ಕಟ್ಟಬೇಕು, ನನಗೆ ತೋರಿಸಿಕೊಡು."

ಕೆಂಪರಾಜು ಮದುವೆಗೆ ಮೊದಲು ಆರು ವರ್ಷ ಮರದ ಡಿಪೋದಲ್ಲಿ ಹೊರೆ ಏರಿಸಿದ್ದವನು. ಅದನ್ನು ಅವನು ಹೇಳಿಕೊಂಡಿರಲಿಲ್ಲ, ಚೆನ್ನಂಜ ಕೇಳಿರಲೂ ಇಲ್ಲ. ಕೆಂಪರಾಜು ಕಂಬ ಬಾಗದ ಹಾಗೆ ಹಿಂದಿನಿಂದ ಹಗ್ಗದ ಎಳೆಗಟ್ಟು ಹಾಕಿಸಿದ. ತೊಗಟೆ ಸುಲಿಸಿ, ದಿಮ್ಮಿಗೆ ಎರಡು ಕಡೆ ಕುಣಿಕೆ ಬಿಗಿದ. ಎರಡು ತುದಿಗೂ ಉದ್ದನೆಯ ನೂಲಿನ ಹಗ್ಗ ಕಟ್ಟಿದ. ದೂರ ನಿಂತೇ ಆ ಹಗ್ಗ ಎಳೆದು ದಿಮ್ಮಿಯನ್ನು ಲಾರಿಯ ಮೇಲಕ್ಕೆ ತಿರುಗಿಸಬಹುದಾಗಿತ್ತು. ಕೆಳಗೆ ಯಾರೂ ನಿಲ್ಲಬೇಕಾಗಿರಲಿಲ್ಲ.

ಇದಕ್ಕೆಲ್ಲ ಮಧ್ಯಾಹ್ನವಾಯಿತು. ಒಂದು ಸಲಕ್ಕೆ ನಾಲ್ಕೇ ದಿಮ್ಮಿ ಸಾಕು ಎಂದು ಕೆಂಪರಾಜು ಹೇಳಿದ. ಚೆನ್ನಂಜ ವಾದ ಮಾಡಲಿಲ್ಲ.

ಇಳಿಹೊತ್ತಿಗೆ ಲಾರಿ ಹೊರಟಿತು. ಕೆಂಪರಾಜು ನಾಳೆ ಉಳಿದದ್ದಕ್ಕೆ ಬರುವೆನೆಂದು ಕೈ ಎತ್ತಿದ. ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಚೆನ್ನಂಜ ನೋಡುತ್ತ ನಿಂತ. ಆಮೇಲೆ ಬಂದು ಜಗಲಿಯಲ್ಲಿ ಗುರುಗಳ ಪಕ್ಕ ಕೂತ, ಮೊರಕ್ಕೆ ತಾನೂ ಕೈ ಹಾಕಿದ.

ಮೊರದ ಅರ್ಧ ಹುರುಳಿ ಆರಿಸಿಯಾಯಿತು.

"ಬುದ್ಧಿ, ಒಂದು ಮಾತು ಕೇಳಲೆ?"

"ಕೇಳು."

"ಆ ಕುಣಿಕೆ ನಿಜಕ್ಕೂ ನಿಲ್ಲುತ್ತಿರಲಿಲ್ಲ. ಬಿಚ್ಚುವಾಗ ನೋಡಿದೆ. ನಾನು ಇನ್ನು ನಾಲ್ಕು ಸುತ್ತು ತಿರುಗಿಸಿದ್ದರೆ ನಿಮ್ಮ ಮೇಲೆ ಬೀಳುತ್ತಿತ್ತು. ನನ್ನ ಯಂತ್ರವನ್ನು ನೀವು ಅಷ್ಟು ನಂಬಿದಿರಾ?"

ಗುರುಗಳು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

"ಯಂತ್ರವನ್ನು ನಂಬಿರಲಿಲ್ಲ, ಚೆನ್ನಂಜ. ನಿನ್ನ ಕೈ ನಡುಗುತ್ತದೆ ಎಂದು ನಂಬಿದ್ದೆ."