ಆರದ ಎಂಟು ಇಂಜಿನ್

“ಮಸಿದುರ್ಗದ ಜನರೇ, ಕೇಳಿರಿ! ರಾಜಕುಮಾರಿ ಕುಮುದಿನಿಯವರು ತುಂಬಿದ ಸಭೆಯಲ್ಲಿ ಮೂರು ಒಗಟು ಹೇಳುವರು. ಮೂರನ್ನೂ ಬಿಡಿಸಿದವನು ಅವರ ಕೈ ಹಿಡಿಯಬಹುದು, ಬೇಡವೆಂದರೆ ಕೇಳಿದ ಒಂದು ವರ ಪಡೆಯಬಹುದು. ಒಂದು ತಪ್ಪಿದರೂ ತಲೆ ಹೋಗುವುದು. ಇದು ರಾಜ ಗಂಡಭೂಪರ ಆಜ್ಞೆ.”

ಡಂಗುರ ಹೊಡೆದವನು ನಡುನಡುವೆ ಕೆಮ್ಮಿದ. ಆ ಊರಲ್ಲಿ ಕೆಮ್ಮದವರೇ ಇರಲಿಲ್ಲ. ಅರಮನೆಯ ಬಾಗಿಲಲ್ಲಿ ರಾಜನ ಎಂಟು ಡೀಸೆಲ್ ಕಾರುಗಳು ಹಗಲಿರುಳೂ ಗುರುಗುಟ್ಟುತ್ತ ಹೊಗೆ ಕಾರುತ್ತಿದ್ದವು. ಹಿಂದಿನ ರಾಜರು ತೀರಿಕೊಂಡ ದಿನ ಅವರ ಕಾರಿನ ಇಂಜಿನ್ ಆರಿತ್ತಂತೆ. ಇನ್ನು ಮುಂದೆ ಇಂಜಿನ್ ಆರಿದರೆ ರಾಜನ ಜೀವವೂ ಆರುತ್ತದೆ ಎಂದು ಜೋಯಿಸರು ಹೇಳಿಬಿಟ್ಟರು. ಇಂಥ ಬುದ್ಧಿಗೇಡಿ ಮಾತಿಗೆ ಊರಿಗೆ ಊರೇ ತಲೆಯಾಡಿಸಿತು. ಇಂಜಿನ್ ಆರಿಸಿ ಎಂದು ಕುಮುದಿನಿ ವರ್ಷಗಟ್ಟಲೆ ಗೋಗರೆದಳು. ತಂದೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳು ಒಗಟಿನ ದಾರಿ ಹಿಡಿದಳು. ಉತ್ತರವೇನೆಂದು ಕೇಳುವಷ್ಟೂ ವ್ಯವಧಾನವಿಲ್ಲದೆ ರಾಜ ಡಂಗುರ ಹೊಡೆಸಿಬಿಟ್ಟ.

ಮೊದಲು ನೆರೆನಾಡಿನ ಯುವರಾಜ ಮೀಸೆ ತಿರುವುತ್ತ ಎದ್ದ.

“ಹಗಲಿರುಳು ಕುಡಿಯುತ್ತದೆ, ನಿಂತಲ್ಲಿಂದ ಕದಲುವುದಿಲ್ಲ. ಏನದು?” ಎಂದಳು ಕುಮುದಿನಿ.

ಮರ ಎಂದ ಯುವರಾಜ. ಮರ ಕುಡಿದದ್ದಕ್ಕೆ ನೆರಳಾದರೂ ಕೊಡುತ್ತದೆ, ಇದು ಏನನ್ನೂ ಕೊಡುವುದಿಲ್ಲ ಎಂದಳು. ಮರುದಿನ ತಲೆ ಕಡಿಯಲೆಂದು ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮಂತ್ರಿಯ ಮಗನಿಗೆ ಉತ್ತರ ಗೊತ್ತಿತ್ತು. ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಅವನು ಬಾಯಿ ತೆರೆದ, ರಾಜನ ಮುಖ ನೋಡಿದ, ಅಲ್ಲೇ ಬೆವತು ‘ಮರಳುಗಾಡು’ ಎಂದುಬಿಟ್ಟ. ಸುಳ್ಳು ಹೇಳಿಯೂ ಹೇಡಿಯ ತಲೆ ಉಳಿಯುವಂತಿರಲಿಲ್ಲ. ಅವನನ್ನೂ ಎಳೆದೊಯ್ದರು.

ಮೂರನೆಯವನಾಗಿ ಬಂದವನು ಸಣ್ಣೀರ, ಅರಮನೆಯ ಹಿಂದಿನ ಓಣಿಯಲ್ಲಿ ತಳ್ಳುಗಾಡಿಯ ಮೇಲೆ ಸೀಬೆಹಣ್ಣು ಮಾರುವವನು. ಅವನ ತಾಯಿಗೆ ಉಬ್ಬಸ. ಹೊಗೆ ಬಾರದಿರಲೆಂದು ಗುಡಿಸಲಿನ ಒಂದೇ ಕಿಟಕಿಗೆ ಚಿಂದಿ ತುರುಕಿ, ಅವಳು ಕತ್ತಲಲ್ಲಿ ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಹಿಂದಿನ ರಾತ್ರಿ ಅವಳ ತುಟಿ ನೀಲಿಯಾಗಿತ್ತು. ಸಣ್ಣೀರನಿಗೆ ಹೆದರಿಕೆ ಇರಲಿಲ್ಲವೆಂದಲ್ಲ, ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು.

“ಅದು ನಿಮ್ಮ ಬಾಗಲಲ್ಲಿ ನಿಂತಿರೋ ಕಾರುಗಳು, ಬುದ್ಧಿ,” ಎಂದು ಅವನು ರಾಜನಿಗೇ ಹೇಳಿದ. “ಎಣ್ಣೆ ಕುಡೀತವೆ, ಎಲ್ಲಿಗೂ ಹೋಗಾಕಿಲ್ಲ.”

ರಾಜ ಹಲ್ಲು ಕಡಿದ. ಸರಿ ಎಂದಳು ಕುಮುದಿನಿ, ತಂದೆಯ ಕಡೆ ತಿರುಗದೆ.

“ಒಬ್ಬಳು ಊರ ಮಕ್ಕಳನ್ನೆಲ್ಲ ಒಬ್ಬಳೇ ಹೊರುತ್ತಾಳೆ. ಇನ್ನೊಂದು ಕಡೆ ಒಂದೇ ಕೂಸಿಗೆ ಎಂಟು ದಾದಿಯರು. ಎದುರಾದಾಗ ಬದಿಗೆ ಸರಿಯಬೇಕಾದವಳು ಮೊದಲಿನವಳೇ. ಯಾರಿವರು?”

ಮೊದಲಿನವಳು ಊರ ಬಸ್ಸು ಎಂದ ಸಣ್ಣೀರ. ಬಾಗಿಲಲ್ಲಿ ಜೋತುಬಿದ್ದವರನ್ನೂ ಹೊತ್ತು ಏದುಸಿರು ಬಿಡುತ್ತ ಹೋಗುತ್ತದೆ. ಅರಮನೆಯ ಬಾಗಿಲಲ್ಲಿ ದಾರಿ ತುಂಬಿ ನಿಂತ ದಾದಿಯರು, ಆ ಎಂಟು ಕಾರುಗಳು, ಎದುರಾದರೆ ಚರಂಡಿಗೆ ಇಳಿಯುತ್ತದೆ. ಕೂಸು ಯಾರೆಂದು ಅವನು ಹೇಳಲಿಲ್ಲ, ಸುಮ್ಮನೆ ಸಿಂಹಾಸನದ ಕಡೆ ನೋಡಿದ. ಅದೂ ಸರಿ ಎಂದು ಕುಮುದಿನಿ ಮೂರನೆಯದನ್ನು ಕೇಳಿದಳು.

“ಗಾಡಿ ಹತ್ತದವನೂ ಗಾಡಿಗೆ ಬಾಡಿಗೆ ಕೊಡುತ್ತಾನೆ. ಏನು ಕೊಡುತ್ತಾನೆ?”

ಸಣ್ಣೀರ ಹಿಂದಿನ ಓಣಿಯ ಕಡೆ ಕೈ ತೋರಿಸಿದ. “ಉಸಿರು, ತಾಯಿ. ನಮ್ಮವ್ವ ಹುಟ್ಟಿದಾಗಿಂದ ಕಾರು ಹತ್ತಿಲ್ಲ. ದಿನಾ ಕೊಡ್ತಾ ಅವ್ಳೆ.”

ಮೂರೂ ಸರಿಯಾದವು. ರಾಜಕುಮಾರಿಯ ಕೈ ಅವನಿಗೆ ಬೇಕಿರಲಿಲ್ಲ. ಎಂಟೂ ಇಂಜಿನ್ ಆರಿಸಬೇಕೆಂದು ವರ ಕೇಳಿದ.

ರಾಜ ಕತ್ತಿ ಹಿರಿದು ಎದ್ದ. “ನನ್ನ ಸಾವನ್ನು ಕೇಳುತ್ತೀಯೇನೋ?”

“ಅಪ್ಪಾಜಿ, ಡಂಗುರ ಹೊಡೆಸಿದ್ದು ನೀವು,” ಎಂದಳು ಕುಮುದಿನಿ. ಆ ದನಿಯಲ್ಲಿ ಎಳ್ಳಷ್ಟೂ ಮರುಕವಿರಲಿಲ್ಲ.

ಸಭೆ ರಾಜನನ್ನೇ ನೋಡುತ್ತಿತ್ತು. ಕೊಟ್ಟ ಮಾತು ನುಂಗುವುದು ಅವನಿಂದಾಗಲಿಲ್ಲ. ಕೈಸನ್ನೆ ಮಾಡಿ, ಸಿಂಹಾಸನವನ್ನು ಅವುಚಿ ಹಿಡಿದು, ಸಾವಿಗಾಗಿ ಕಣ್ಣು ಮುಚ್ಚಿದ. ಇಂಜಿನ್‌ಗಳು ಒಂದೊಂದಾಗಿ ಆರಿದವು. ಸಾವು ಬರಲಿಲ್ಲ. ಆ ಮೌನದಲ್ಲಿ ಹೊರಗಿನಿಂದ ಒಂದು ಸದ್ದು ಬಂತು. ಮೊದಲು ಹಿಂದಿನ ಓಣಿಯಿಂದ, ಆಮೇಲೆ ಬೀದಿಬೀದಿಗಳಿಂದ, ಸಾವಿರ ಗಂಟಲುಗಳ ಕೆಮ್ಮು. ಅದೇನು ಸದ್ದು ಎಂದು ರಾಜ ಕೇಳಿದ.

“ನಿಮ್ಮ ಊರು, ಬುದ್ಧಿ,” ಎಂದ ಸಣ್ಣೀರ. ಕೈ ಮುಗಿಯದೆ ಹೊರಟುಹೋದ.

ಸೆರೆಯಲ್ಲಿದ್ದ ಇಬ್ಬರನ್ನೂ ಕುಮುದಿನಿ ಅದೇ ಸಂಜೆ ಬಿಡಿಸಿ, ನೂಕುನುಗ್ಗಲಿನ ಬಸ್ಸು ಹತ್ತಿಸಿ ಮನೆಗೆ ಕಳಿಸಿದಳು.

ಸಣ್ಣೀರ ಗುಡಿಸಲು ಮುಟ್ಟಿದಾಗ ಅವನ ತಾಯಿ ಕಿಟಕಿಯ ಹತ್ತಿರ ನಿಂತಿದ್ದಳು. ಚಿಂದಿಗಳನ್ನು ಒಂದೊಂದಾಗಿ ಕಿತ್ತು ಹೊರಗೆ ಎಸೆಯುತ್ತಿದ್ದಳು.